ಮೊಂಟ್ಸೆರಾಟ್‌ಗೆ ಅರ್ಧ ದಿನ ಸಾಲದು

ಬಾರ್ಸಿಲೋನಾ ನಗರ, ಮೊಂಟ್ಸೆರಾಟ್ ಬೆಟ್ಟದ ಮಠ ಎರಡನ್ನೂ ಗೈಡ್ ಜೊತೆ ಒಂದೇ ದಿನದಲ್ಲಿ ಆರಾಮಾಗಿ ನೋಡಬಹುದು ಎಂದು ಬರೆದಿದ್ದೀರಿ. ಆ 'ಆರಾಮಾಗಿ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಾರಿ ದೂರವಿಲ್ಲ, ನಿಜ. ಸಮಯ ಬೇಕಾಗುವುದು ಮೇಲೆ ತಲುಪಿದ ಮೇಲೆ. ಮಠದಲ್ಲಿರುವ ಕಪ್ಪು ಮಾತೆಯ, ಅಂದರೆ ಕಪ್ಪು ಬಣ್ಣದ ಮೇರಿ ಮಾತೆಯ ಮೂರ್ತಿಯ, ದರ್ಶನಕ್ಕೆ ಸಾಲು ನಿಲ್ಲಬೇಕು. ಮೂರ್ತಿ ಗಾಜಿನ ಹಿಂದಿದೆ, ಕೈಯಲ್ಲಿರುವ ಗೋಳ ಮಾತ್ರ ಹೊರಗೆ ಚಾಚಿದೆ. ಜನ ಅದನ್ನು ಮುಟ್ಟಿ, ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಾರೆ. ಅಂಥ ಜಾಗದಲ್ಲಿ ಬಸ್ಸಿನ ಟೈಮ್ ನೋಡುತ್ತಾ ನಿಲ್ಲಬೇಕಾ? ಅದೇ ಬೆಟ್ಟದ 1,236 ಮೀಟರ್ ಎತ್ತರದ ಸಾಂಟ್ ಜೆರೋನಿ ಶಿಖರದ ಮಾತಂತೂ ಬಿಡಿ.

ನಗರದ ಕಥೆಯೂ ಅಷ್ಟೇ. 1882ರಲ್ಲಿ ಕಟ್ಟಲು ಶುರು ಮಾಡಿದ ಸಗ್ರಾಡಾ ಫಮೀಲಿಯಾ ಚರ್ಚನ್ನು ಹೊರಗಿನಿಂದ ಸುಮ್ನೆ ಒಂದು ಫೋಟೊ ತೆಗೆದು ಬಂದರೆ ಏನು ನೋಡಿದ ಹಾಗಾಯಿತು? ಬೆಳಿಗ್ಗೆ ಪೂರ್ವದ ಬಣ್ಣದ ಗಾಜುಗಳಿಂದ ನೀಲಿ, ಹಸಿರು ಬೆಳಕು ಒಳಗೆ ಇಳಿಯುತ್ತದೆ. ಸಂಜೆ ಪಶ್ಚಿಮದ ಕಡೆಯಿಂದ ಕೆಂಪು, ಕಿತ್ತಳೆ. ಅದರ ವಾಸ್ತುಶಿಲ್ಪಿ ಗೌಡಿಯ ಕೆಲಸ ಅರ್ಥವಾಗುವುದೇ ಅಲ್ಲಿ.

ಹೆಚ್ಚು ಓಡಾಡಲು ಆಗದವರಿಗೆ ಇಂಥ ಟೂರ್ ಅನುಕೂಲ, ಅದು ಸರಿ. ಉಳಿದವರು ಮಠಕ್ಕೆ ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ನಗರದ ಪ್ಲಾಸಾ ಎಸ್ಪಾನ್ಯಾ ನಿಲ್ದಾಣದಿಂದ ರೈಲಿದೆ, ಮೊನಿಸ್ಟ್ರೋಲ್‌ನಲ್ಲಿ ಇಳಿದರೆ ಬೆಟ್ಟ ಹತ್ತುವ ಹಲ್ಲುಗಾಲಿಯ ರೈಲು ಸಿಗುತ್ತದೆ.