ಮೋಲ್ಡ್‌ಗೆ ಹಾಕೋ ಕೆಮಿಕಲ್‌ಗೂ ಒಂದು ಅಳತೆ ಅಂತ ಇದೆ

ಚಿಕ್ಕಮಗಳೂರಿನ ಮೂಡಿಗೆರೆ ರಸ್ತೆ ಕಡೆ ಅಕ್ಕ-ಭಾವನ ಮನೆ ಮೋಲ್ಡ್ ಮುಗಿಸಿಕೊಂಡು ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನಾನು ಹೋಗುವಷ್ಟರಲ್ಲಿ ಅರ್ಧ ಕೆಲಸ ಆಗಿಹೋಗಿತ್ತು. ಮಿಕ್ಸರ್ ಪಕ್ಕ ಕೆಮಿಕಲ್ ಕ್ಯಾನ್ ಇದೆ, ಅಳತೆಗೆ ಒಂದು ಲೋಟ ಇಲ್ಲ. ಹುಡುಗ ಒಂದು ಸಲ ಗುಟುಕಷ್ಟು, ಇನ್ನೊಂದು ಸಲ ಗಳಗಳ ಅಂತ ಬಗ್ಗಿಸ್ತಾನೆ. ಕಲಸಿದ್ದು ಸ್ವಲ್ಪ ಗಟ್ಟಿ ಕಂಡರೆ ಪೈಪ್ ಹಿಡಿದು ನೀರು ಬೇರೆ. ಕೇಳಿದ್ರೆ ಮೇಸ್ತ್ರಿ, "ಕೆಮಿಕಲ್ ಹಾಕಿದೀವಲ್ಲ ಸಾರ್, ಏನೂ ಆಗಲ್ಲ" ಅಂದ.

ಆಗುತ್ತೆ ಕಣ್ರಪ್ಪಾ! ಸಿಮೆಂಟ್ ಒಣಗಿ ಗಟ್ಟಿಯಾಗೋದಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗೋದು. ಸಿಮೆಂಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ನೀರು ಹಿಡಿದಿಟ್ಟುಕೊಳ್ತವೆ. ಆ ಕ್ಯಾನಲ್ಲಿರೋ ಕೆಮಿಕಲ್, ಅಂದ್ರೆ ಸೂಪರ್‌ಪ್ಲಾಸ್ಟಿಸೈಜರ್, ಆ ಕಣಗಳನ್ನ ಬಿಡಿಸುತ್ತೆ, ಸಿಕ್ಕಿಬಿದ್ದ ನೀರು ಹೊರಗೆ ಬರುತ್ತೆ, ಕಡಿಮೆ ನೀರಲ್ಲೇ ಕಾಂಕ್ರೀಟ್ ಸಲೀಸಾಗಿ ಹರಿಯುತ್ತೆ. ನೀರು ಉಳಿಸೋಕೇ ಅಂತ ದುಡ್ಡು ಕೊಟ್ಟು ತಂದದ್ದನ್ನ ಹಾಕಿ, ಮೇಲೆ ನೀರೂ ಹೊಯ್ದರೆ? ಹೆಚ್ಚಾದ ನೀರು ಆರಿಹೋಗಿ ಅಲ್ಲೆಲ್ಲ ಕಣ್ಣಿಗೆ ಕಾಣದ ತೂತು ಉಳಿಯುತ್ತೆ. ನಮ್ಮ ಮಲೆನಾಡಿನ ಮಳೆಗೆ ಕಂಬಿವರೆಗೂ ದಾರಿ ಮಾಡಿಕೊಟ್ಟ ಹಾಗೆ. ಅಕ್ಕ ಒಡವೆ ಅಡ ಇಟ್ಟು ಕಟ್ಟಿಸ್ತಿರೋ ಮನೆ ಇದು, ಹೊಟ್ಟೆ ಉರಿಯುತ್ತೆ.

ಕಾಂಕ್ರೀಟ್ ಕೆಲಸಕ್ಕೆ ಇರೋ ಭಾರತೀಯ ಮಾನಕ ಐಎಸ್ 456 ಪ್ರಕಾರ ಸೂಪರ್‌ಪ್ಲಾಸ್ಟಿಸೈಜರ್ ಸಾಮಾನ್ಯವಾಗಿ ಸಿಮೆಂಟಿನ ತೂಕದ ಶೇ. 2 ದಾಟಬಾರದು, ಅಂದ್ರೆ 50 ಕೆಜಿ ಮೂಟೆಗೆ 1 ಕೆಜಿ. ಸೆಟ್ಟಿಂಗ್, ಅಂದ್ರೆ ಸಿಮೆಂಟ್ ಬಿಗಿಯೋದನ್ನ, ತಡ ಮಾಡೋ ರಿಟಾರ್ಡರ್ ಆದ್ರೆ ಶೇ. 0.5, ಅಂದ್ರೆ ಕಾಲು ಕೆಜಿ. ಕಂಪನಿಯವರು ಕ್ಯಾನ್ ಮೇಲೆ ಬರೆಯೋ ಅಳತೆ ಸಾಮಾನ್ಯವಾಗಿ ಇನ್ನೂ ಕಡಿಮೆಯೇ ಇರುತ್ತೆ. ಅದನ್ನ ಓದೋಕೂ ಪುರುಸೊತ್ತಿಲ್ವಾ?

"ಹಿಂದಿನೋರು ಗಾರೆಗೆ ಬೆಲ್ಲದ ನೀರು ಹಾಕ್ತಿದ್ರು, ಅವರೇನು ಅಳೀತಿದ್ರಾ?" ಅಂದ್ರು ಭಾವ. ಭಾವ, ಅದು ಸುಣ್ಣ. ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗೋದು. ಸಿಮೆಂಟಿಗೆ ಮೂಟೆಗೆ 25 ಗ್ರಾಂ ಸಕ್ಕರೆ ಬಿದ್ರೂ ಸೆಟ್ಟಿಂಗ್ ಗಂಟೆಗಟ್ಟಲೆ ಮುಂದಕ್ಕೆ ಹೋಗುತ್ತೆ. ಸಿಮೆಂಟ್ ಫ್ಯಾಕ್ಟರಿಯಲ್ಲೇ ಜಿಪ್ಸಂ ಸೇರಿಸಿ ಅರೀತಾರೆ. ಅದಿಲ್ಲದಿದ್ರೆ ಕಲಸಿದ ಕೆಲವೇ ನಿಮಿಷಕ್ಕೆ ಬಾಂಡ್ಲಿಯಲ್ಲೇ ಬಿಗಿದುಕೊಳ್ಳೋದು. ಅದನ್ನೂ ಅಳೆದೇ ಹಾಕ್ತಾರೆ!

ಮಳೆ ಬರೋದ್ರೊಳಗೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಇರೋದನ್ನ ತರೋರಿಗೂ ಒಂದು ಮಾತು: ಕಂಬಿ ಇರೋ ಕಡೆ ಅದು ಬೇಡವೇ ಬೇಡ, ತುಕ್ಕು ಹಿಡಿಯುತ್ತೆ.

ಉಳಿದರ್ಧಕ್ಕೆ ನಾನೇ ನಿಂತು ಅಳೆದು ಹಾಕಿಸಿದೆ. ಮೊದಲರ್ಧದಲ್ಲಿ ಎಲ್ಲಿ ಎಷ್ಟು ಬಿದ್ದಿದೆಯೋ ದೇವರೇ ಬಲ್ಲ. ಕೆಮಿಕಲ್ ಹೆಚ್ಚಾದ ಕಡೆ ಸಿಮೆಂಟ್ ಹಿಡಿಯೋದೂ ತಡ. ಅದಕ್ಕೇ 7 ದಿನಕ್ಕೆ ಸೆಂಟ್ರಿಂಗ್ ಬಿಚ್ಚೋ ಲೆಕ್ಕ ಇಲ್ಲಿ ನಡೆಯಲ್ಲ, ನಾನು ಬಂದು ನೋಡೋವರೆಗೂ ಒಂದು ಆಸರೆನೂ ಅಲ್ಲಾಡಿಸಬೇಡಿ ಅಂತ ಮೇಸ್ತ್ರಿಗೂ ಭಾವನಿಗೂ ಹೇಳಿ ಬಂದಿದ್ದೀನಿ.