'ಭಯಪಡಬೇಡ' ಎಂಬ ಮಾತು ಬೈಬಲಿನಲ್ಲಿ 365 ಬಾರಿ ಇದೆಯೇ? ಒಂದು ಸ್ಪಷ್ಟನೆ

'ಭಯಪಡಬೇಡ ಎಂಬ ಮಾತು ಬೈಬಲಿನಲ್ಲಿ ಸರಿಯಾಗಿ 365 ಬಾರಿ ಇದೆ, ದಿನಕ್ಕೊಂದರಂತೆ. ಆದುದರಿಂದ ನಿಜವಾದ ವಿಶ್ವಾಸಿಗೆ ಅಂಜಿಕೆಯೇ ಇರಕೂಡದು' ಎಂಬ ಸಂದೇಶವು ಹಾಸನ, ಸಕಲೇಶಪುರ ಭಾಗದ ಕ್ರೈಸ್ತ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ.

ಈ ಲೆಕ್ಕ ತಪ್ಪು. ಹೆದರಬೇಡ, ಅಂಜಬೇಡಿರಿ ಎಂಬ ನೇರ ಆಜ್ಞೆಗಳನ್ನೆಲ್ಲ ಕೂಡಿಸಿದರೂ ಸಂಖ್ಯೆ 365ರ ಹತ್ತಿರಕ್ಕೆ ಬರುವುದಿಲ್ಲ. ಅಲ್ಲದೆ, ಯೆಹೂದ್ಯರ ಪಂಚಾಂಗದ ಸಾಮಾನ್ಯ ವರ್ಷವು ಸುಮಾರು 354 ದಿನಗಳದ್ದಾಗಿರುವಾಗ, ಈ ಹೊಂದಾಣಿಕೆ ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಹುಟ್ಟಿದಂತಿದೆ.

ಸಂದೇಶದ ಎರಡನೆಯ ಭಾಗವೇ ಹೆಚ್ಚು ಹಾನಿಕರ. ಬೈಬಲಿನ ನ್ಯಾಯಸ್ಥಾಪಕರು ಎಂಬ ಪುಸ್ತಕದ 6ನೇ ಅಧ್ಯಾಯದಲ್ಲಿ ಶತ್ರುಗಳಾದ ಮಿದ್ಯಾನ್ಯರ ಕಣ್ಣು ತಪ್ಪಿಸಿ ದ್ರಾಕ್ಷಿಯ ಆಲೆಯ ಮರೆಯಲ್ಲಿ ಗೋಧಿ ಬಡಿಯುತ್ತಿದ್ದ ಗಿದ್ಯೋನನು, 'ಹೆದರಬೇಡ' ಎಂದು ಕೇಳಿಸಿಕೊಂಡ ಮೇಲೂ ಮನೆಯವರಿಗೂ ಊರವರಿಗೂ ಅಂಜಿ, ತನ್ನ ತಂದೆಗೆ ಸೇರಿದ್ದ, ಬಾಳನೆಂಬ ಅನ್ಯದೇವತೆಯ ಬಲಿಪೀಠವನ್ನು ಹಗಲಿನಲ್ಲಿ ಮುಟ್ಟದೆ ರಾತ್ರಿಯಲ್ಲಿ ಕೆಡವಿದನು. ಅಂಜಿಕೆ ಹೋಗಿರಲಿಲ್ಲ, ಆದರೆ ಕೆಲಸ ನಿಲ್ಲಲಿಲ್ಲ. ಅಪೊಸ್ತಲರ ಕೃತ್ಯಗಳು 4ರಲ್ಲಿ ಬೆದರಿಕೆಗೊಳಗಾದ ಶಿಷ್ಯರು ಧೈರ್ಯವನ್ನು ಬೇಡಿಕೊಂಡರು. ಸೆರೆಯಲ್ಲಿದ್ದ ಪೌಲನು ತಾನು ಧೈರ್ಯದಿಂದ ಮಾತನಾಡುವಂತೆ ಪ್ರಾರ್ಥಿಸಿರೆಂದು ಎಫೆಸದವರಿಗೆ ಬರೆದ ಪತ್ರದಲ್ಲಿ ಕೋರಿದನು (6:19-20). ಇದ್ದದ್ದನ್ನು ಯಾರೂ ಬೇಡುವುದಿಲ್ಲವಷ್ಟೆ.

ಆದ್ದರಿಂದ, ಕಚೇರಿಯಲ್ಲಾಗಲಿ ಕಾಫಿ ತೋಟದಲ್ಲಾಗಲಿ ತನ್ನ ನಂಬಿಕೆಯನ್ನು ಹೇಳಿಕೊಳ್ಳಲು ಅಳುಕುವವರನ್ನು ಈ ಸಂದೇಶ ತೋರಿಸಿ ಅವಿಶ್ವಾಸಿಗಳೆಂದು ಜರೆಯುವುದಕ್ಕೆ ಆಧಾರವಿಲ್ಲ. ಹಂಚಲೇಬೇಕೆನ್ನುವವರು ಸಂಖ್ಯೆಯನ್ನು ಬಿಟ್ಟು 'ಧೈರ್ಯದಿಂದಿರು, ಅಂಜಬೇಡ' ಎನ್ನುವ ಯೆಹೋಶುವ 1:9ನ್ನು ಕಳುಹಿಸಬಹುದು.