ಶ್ರೇಷ್ಠ ಕಾದಂಬರಿಯನ್ನು ಆಡಿಯೊಬುಕ್‌ನಲ್ಲಿ ಕೇಳಿದರೆ ಸಾಕೇ?

ಪರ: ಕೇಳುವುದೂ ಪೂರ್ಣವಾದ ಓದೇ

ಕಾದಂಬರಿ ಎಂದರೆ ಒಬ್ಬರೇ ಕುಳಿತು ಮೌನವಾಗಿ ಓದಬೇಕಾದದ್ದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಆದ್ಯಂತ ಕೇಳಿ ಮುಗಿಸಿದವರು ಸಹ ಅದನ್ನು ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಈ ಹಿಂಜರಿಕೆಗೆ ಕಾದಂಬರಿಯ ಚರಿತ್ರೆಯಲ್ಲಿ ಆಧಾರ ಸಿಗುವುದಿಲ್ಲ. ಡಿಕೆನ್ಸ್ ಅವರ ಕಾದಂಬರಿಗಳು ಕಂತು ಕಂತಾಗಿ ಹೊರಬರುತ್ತಿದ್ದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಸುತ್ತ ಕುಳಿತು ಕೇಳುತ್ತಿದ್ದರು. 1858ರಿಂದ ಸ್ವತಃ ಲೇಖಕರೇ ವೇದಿಕೆ ಹತ್ತಿ, ಟಿಕೆಟ್ ಕೊಂಡು ಬಂದ ಜನರಿಗೆ ತಮ್ಮ ಕೃತಿಗಳನ್ನು ಓದಿ ಹೇಳಿದರು. ಫ್ಲೋಬೇರ್ ತಾವು ಬರೆದ ವಾಕ್ಯಗಳನ್ನು ಕೂಗಿ ಓದಿ, ಕಿವಿಗೆ ಒಪ್ಪದಿದ್ದರೆ ಮತ್ತೆ ತಿದ್ದುತ್ತಿದ್ದರು. ದೊಸ್ತೊಯೆವ್‌ಸ್ಕಿ 1866ರಲ್ಲಿ ‘ಜೂಜುಗಾರ’ ಕಾದಂಬರಿಯನ್ನು ಶೀಘ್ರಲಿಪಿ ಬಲ್ಲ ಯುವತಿಯೊಬ್ಬಳಿಗೆ ಬಾಯಲ್ಲಿ ಹೇಳಿ, ಒಂದು ತಿಂಗಳೊಳಗೆ ಬರೆಸಿ ಮುಗಿಸಿದರು. ಬಾಯಿಂದ ಹೊರಟು ಕಾಗದದ ಮೇಲೆ ನಿಂತ ಕೃತಿ ಮರಳಿ ದನಿಯಾದರೆ ಅದರ ಘನತೆ ಕುಗ್ಗುತ್ತದೆ ಎನ್ನುವುದು ನ್ಯಾಯವಲ್ಲ.

ಆಡಿಯೊಬುಕ್ ಸೋಮಾರಿಗಳ ಸೌಕರ್ಯಕ್ಕಾಗಿ ಹುಟ್ಟಿದ್ದೂ ಅಲ್ಲ. 1877ರಲ್ಲಿ ಧ್ವನಿ ಮುದ್ರಿಸಿ ಮತ್ತೆ ಕೇಳಿಸುವ ಫೋನೋಗ್ರಾಫ್ ಯಂತ್ರ ರೂಪಿಸಿದ ಎಡಿಸನ್, ಅದರಿಂದಾಗಬಹುದಾದ ಉಪಯೋಗಗಳನ್ನು ಮರುವರ್ಷ ಪಟ್ಟಿ ಮಾಡುವಾಗ ಅಂಧರಿಗಾಗಿ ಓದುವ ಪುಸ್ತಕವನ್ನೂ ಅದರಲ್ಲಿ ಸೇರಿಸಿದ್ದರು. ಆ ಆಸೆ ಕೈಗೂಡಿದ್ದು 1930ರ ದಶಕದಲ್ಲಿ. 1935ರಲ್ಲಿ ಬ್ರಿಟನ್‌ನಲ್ಲಿ ಅಂಧರಿಗಾಗಿ ಹೊರಬಂದ ಮೊದಲ ಧ್ವನಿಪುಸ್ತಕಗಳಲ್ಲಿ ಕಾನ್ರಾಡ್ ಅವರ ‘ಟೈಫೂನ್’ ಇತ್ತು. ಕೇಳುಗರಲ್ಲಿ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿದ್ದರು. ರೆಕಾರ್ಡಿನ ಒಂದು ಬದಿಯಲ್ಲಿ ಸುಮಾರು 25 ನಿಮಿಷಗಳ ಓದು ಮಾತ್ರ ಹಿಡಿಯುತ್ತಿದ್ದುದರಿಂದ, ಒಂದು ಕಾದಂಬರಿಗೆ ಅವರು ತಟ್ಟೆಯ ಮೇಲೆ ತಟ್ಟೆ ಬದಲಿಸುತ್ತ ಕೂರಬೇಕಿತ್ತು. ಅಷ್ಟು ಶ್ರದ್ಧೆಯಿಂದ ಕೇಳಿದವರಿಗೆ ಕಾನ್ರಾಡ್ ಅರ್ಧ ಮಾತ್ರ ದಕ್ಕಿದರು ಎಂದು ಯಾವ ಓದುಗನೂ ಹೇಳಲಾರ.

ಕಿವಿಯಿಂದ ಬಂದದ್ದು ಮನಸ್ಸಿಗೆ ಇಳಿಯುವುದಿಲ್ಲ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಒಂದೇ ಕಥೆಗಳನ್ನು ಜನ ಕೇಳಿದಾಗಲೂ ಓದಿದಾಗಲೂ ಮಿದುಳಿನಲ್ಲಿ ಅರ್ಥ ರೂಪುಗೊಳ್ಳುವ ಬಗೆ ಬಹುಮಟ್ಟಿಗೆ ಒಂದೇ ಎಂಬುದನ್ನು 2019ರಲ್ಲಿ ಪ್ರಕಟವಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿದೆ.

ಇನ್ನು ಸಂಭಾಷಣೆಯ ಮಾತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಕೈಗೆತ್ತಿಕೊಂಡ ಎಷ್ಟೋ ಮಂದಿ ಮಲೆನಾಡಿನ ಆಡುಮಾತಿನ ಬರವಣಿಗೆಗೆ ಹೊಂದಿಕೊಳ್ಳಲಾಗದೆ ಮೊದಲ ಅಧ್ಯಾಯಗಳಲ್ಲೇ ನಿಂತುಬಿಡುತ್ತಾರೆ. ಆ ಮಾತಿನ ಏರಿಳಿತ ಬಲ್ಲವರು ಅದನ್ನು ಓದಿ ಹೇಳಿದರೆ, ಕಾಗದದಲ್ಲಿ ತೊಡಕೆನಿಸಿದ ಸಾಲು ಒಬ್ಬ ಮನುಷ್ಯನ ಮಾತಾಗಿ ಕೇಳಿಸುತ್ತದೆ. ಯಾರು ಯಾರಿಗೆ ಹೆದರಿ ಮಾತಾಡುತ್ತಿದ್ದಾರೆ, ಯಾರು ಸಲಿಗೆಯಿಂದ ಗದರುತ್ತಿದ್ದಾರೆ ಎಂಬುದು ದನಿಯಲ್ಲೇ ತಿಳಿಯುತ್ತದೆ. ದಪ್ಪ ನೋಡಿಯೇ ಕಪಾಟಿಗೆ ಮರಳಿಸಿದ ಪುಸ್ತಕವನ್ನು ಒಳ್ಳೆಯ ವಾಚಕರ ದನಿ ಕೊನೆಯವರೆಗೆ ಕೈಹಿಡಿದು ನಡೆಸುವುದಾದರೆ, ಅದು ಸಾಹಿತ್ಯಕ್ಕೆ ಆದ ಲಾಭವೇ.

ವಿರೋಧ: ಹಿಂದಿರುಗಿ ನೋಡಲಾಗದ ಓದು ಅರೆ ಓದು

ಕೇಳಿದವರಿಗೆ ಕಥೆ ಅರ್ಥವಾಗುವುದಿಲ್ಲ ಎಂಬುದು ಇಲ್ಲಿಯ ವಾದವಲ್ಲ. ಕಥೆ ಅರ್ಥವಾಗುತ್ತದೆ, ಆದರೆ ಶ್ರೇಷ್ಠ ಕಾದಂಬರಿ ನಮ್ಮಿಂದ ಬಯಸುವುದು ಕಥೆಯನ್ನು ತಿಳಿಯುವುದನ್ನಷ್ಟೇ ಅಲ್ಲ. ಓದುವ ಕಣ್ಣು ಒಂದೇ ಸಮನೆ ಮುಂದಕ್ಕೆ ಸಾಗುವುದಿಲ್ಲ. ಅದರ ಚಲನೆಗಳಲ್ಲಿ ಶೇಕಡಾ 10ರಿಂದ 15ರಷ್ಟು ಹಿಂದಕ್ಕೆ, ಓದಿ ದಾಟಿದ ಪದಗಳ ಕಡೆಗೇ ಇರುತ್ತವೆ. 2014ರ ಪ್ರಯೋಗವೊಂದರಲ್ಲಿ, ಓದಿದ ಪದಗಳನ್ನು ಕೂಡಲೇ ಮರೆಮಾಡಿ ಹಿಂದಿರುಗುವ ಅವಕಾಶ ತಪ್ಪಿಸಿದಾಗ ಓದುಗರ ಗ್ರಹಿಕೆಯೇ ಕುಂದಿತು. ನಮಗೆ ಗೊತ್ತೇ ಆಗದಂತೆ ನಡೆಯುವ ಈ ಹಿಂಚಲನೆಗೆ ಆಡಿಯೊಬುಕ್‌ನಲ್ಲಿ ಎಡೆಯಿಲ್ಲ.

ಇದರಿಂದಾಗುವ ನಷ್ಟ ಎಂಥದ್ದೆಂಬುದಕ್ಕೆ ಜೇನ್ ಆಸ್ಟೆನ್ ಅವರ ‘ಎಮ್ಮಾ’ಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. 1815ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಎಮ್ಮಾ ತನ್ನ ಗೆಳತಿ ಹ್ಯಾರಿಯೆಟ್‌ಳ ಚಿತ್ರ ಬರೆಯುತ್ತಾಳೆ. ಪಾದ್ರಿ ಎಲ್ಟನ್ ಪಕ್ಕದಲ್ಲೇ ನಿಂತು ಒಂದೊಂದು ಗೆರೆಗೂ ತಲೆದೂಗುತ್ತಾನೆ, ಚಿತ್ರದಲ್ಲಿ ಹ್ಯಾರಿಯೆಟ್ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತಾಳೆ ಎಂದವರನ್ನು ಖಂಡಿಸುತ್ತಾನೆ, ಚೌಕಟ್ಟು ಹಾಕಿಸಲು ಚಿತ್ರವನ್ನು ತಾನೇ ಲಂಡನ್ನಿಗೆ ಒಯ್ಯುತ್ತಾನೆ. ಅವನು ಹ್ಯಾರಿಯೆಟ್‌ಳಿಗೆ ಮನಸೋತಿದ್ದಾನೆಂದು ಎಮ್ಮಾ ನಂಬುತ್ತಾಳೆ, ನಾವೂ ನಂಬುತ್ತೇವೆ. ಏಕೆಂದರೆ ನಿರೂಪಣೆ ಎಮ್ಮಾಳ ಊಹೆಗಳನ್ನೇ ನಿಜಸಂಗತಿಯ ಧಾಟಿಯಲ್ಲಿ ಹೇಳುತ್ತ ಹೋಗುತ್ತದೆ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಗಾಡಿಯಲ್ಲಿ ಎಲ್ಟನ್ ಎಮ್ಮಾಳನ್ನೇ ಮದುವೆಯಾಗುವಂತೆ ಕೇಳಿದಾಗ, ಓದುಗನ ಕೈ ತಾನಾಗಿ ಆ ಚಿತ್ರದ ಅಧ್ಯಾಯಕ್ಕೆ ಪುಟ ಹಿಂದೆ ತಿರುಗಿಸುತ್ತದೆ. ಅಲ್ಲಿ ನೋಡಿದರೆ ಅವನ ಹೊಗಳಿಕೆಯ ಹಿಂದಿದ್ದದ್ದು ಚಿತ್ರಕ್ಕೆ ಕುಳಿತವಳ ಮೇಲಿನ ಒಲವಲ್ಲ, ಚಿತ್ರ ಬರೆದವಳ ಮೇಲಿನದು. ಯಾವ ಸಾಲೂ ಸುಳ್ಳು ಹೇಳಿರಲಿಲ್ಲ. ನಾವು ತಪ್ಪಾಗಿ ಓದಿದ್ದೆವು. ಈ ಕಾದಂಬರಿಯ ದೊಡ್ಡ ಸುಖ ಇರುವುದೇ ಈ ಹಿಂದಿರುಗುವಿಕೆಯಲ್ಲಿ. 30 ಸೆಕೆಂಡು ಹಿಂದೆ ಸರಿಸುವ ಗುಂಡಿ ಅಧ್ಯಾಯಗಳಾಚೆಯ ಒಂದು ಸಾಲನ್ನು ಹುಡುಕಿಕೊಡಲಾರದು, ಹುಡುಕುವ ತಾಳ್ಮೆ ಕೇಳುಗನಲ್ಲಿ ಉಳಿಯುವುದೂ ಅಪರೂಪ.

ಇನ್ನೊಂದು ತೊಂದರೆ ವಾಚಕರದು, ಅದೂ ಅವರು ನುರಿತವರಾಗಿದ್ದಾಗ. ಎಮ್ಮಾಳ ಊಹೆಯನ್ನು ಅವಳ ಧಾಟಿಯಲ್ಲಿ ಓದಿದರೆ ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ. ನಿರೂಪಕರ ನಿರ್ಲಿಪ್ತ ಧಾಟಿಯಲ್ಲಿ ಓದಿದರೆ ಅದರ ಅಡಿಯಲ್ಲಿರುವ ನಗು ಆರಿಹೋಗುತ್ತದೆ. ಪುಟದ ಮೇಲೆ ಆ ವಾಕ್ಯ ಎರಡೂ ಆಗಿರಬಲ್ಲದು. ದನಿ ಒಂದನ್ನು ಆರಿಸಿಕೊಳ್ಳಲೇಬೇಕು, ಆರಿಸಿದ ಮೇಲೆ ಕೇಳುಗನಿಗೆ ಸಿಗುವುದು ಮತ್ತೊಬ್ಬರು ಮಾಡಿದ ಓದಿನ ಫಲ. ಪುಟದ ರೂಪವನ್ನೇ ನೆಚ್ಚಿದ ಕೃತಿಗಳ ಸ್ಥಿತಿ ಇನ್ನೂ ಕಷ್ಟ: ಸಾವಿನ ಶೋಕಕ್ಕೆ ಇಡೀ ಪುಟವನ್ನು ಕಪ್ಪಾಗಿಸಿದ ಲಾರೆನ್ಸ್ ಸ್ಟರ್ನ್, ಕಾಲದ ಜಿಗಿತಗಳನ್ನು ಓರೆ ಅಕ್ಷರಗಳಲ್ಲಿ ಸೂಚಿಸಿದ ಫಾಕ್ನರ್ ಇವರನ್ನು ಕಿವಿಗೆ ದಾಟಿಸುವುದು ಹೇಗೆ?

ಅಂಧ ಓದುಗರ ಮಾತೆತ್ತಿ ಈ ಆಕ್ಷೇಪವನ್ನು ತಳ್ಳಿಹಾಕುವುದು ಸರಿಯಲ್ಲ. ಅವರಿಗೆ ಬ್ರೈಲ್‌ನಲ್ಲಿ ಬೆರಳು ಹಿಂದಿನ ಸಾಲಿಗೆ ಮರಳುವ ಸ್ವಾತಂತ್ರ್ಯವಿದೆ. ಧ್ವನಿಪುಸ್ತಕದಲ್ಲೂ ಅದೇ ಸ್ವಾತಂತ್ರ್ಯ ಬೇಕೆಂದು 1990ರ ದಶಕದಲ್ಲಿ ಅವರಿಗಾಗಿಯೇ ‘ಡೈಸಿ’ ಎಂಬ ಮಾದರಿ ರೂಪುಗೊಂಡಿತು. ಅದರಲ್ಲಿ ಅಧ್ಯಾಯ, ಪುಟ, ವಾಕ್ಯಗಳನ್ನು ಹಿಡಿದು ಹಿಂದೆ ಮುಂದೆ ಹೋಗಬಹುದು. ಮಾರುಕಟ್ಟೆಯ ಸಾಮಾನ್ಯ ಆಡಿಯೊಬುಕ್‌ಗಳು ಆ ಅನುಕೂಲವನ್ನು ಬಹುಮಟ್ಟಿಗೆ ಬಿಟ್ಟು, ಅದರ ಜಾಗದಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಸೌಕರ್ಯವನ್ನು ಮುಂದೊಡ್ಡುತ್ತಿವೆ.